ಅಪ್ಪನ ಕಡಲೆ ಹೊಲಕ್ಕೆ ಬರುವ ಬೀಗರು

"ಬಂದಾವು."

ನವೆಂಬರ್ ಕೊನೆಗೋ ಡಿಸೆಂಬರ್ ಮೊದಲ ವಾರಕ್ಕೋ ಅಪ್ಪ ಫೋನ್ ಮಾಡಿ ಇಷ್ಟೇ ಹೇಳುತ್ತಾನೆ. ಯಾರು ಅಂತ ನಾನು ಕೇಳುವುದಿಲ್ಲ. ಆ ದನಿಯಲ್ಲಿ ಖುಷಿ ಇದೆಯೋ ಸಿಟ್ಟಿದೆಯೋ ಅನ್ನುವುದು ಮಾತ್ರ ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಮನೆಗೆ ಬೀಗರು ಬಂದಾಗಿನ ದನಿ ಅದು. ಬರಬೇಡಿ ಅನ್ನುವಂತಿಲ್ಲ, ಯಾವಾಗ ಹೊರಡುತ್ತೀರಿ ಅಂತ ಕೇಳುವಂತೆಯೂ ಇಲ್ಲ.

ನಮ್ಮೂರು ಮಾಗಡಿಯ ಪಕ್ಕದ ಒಂದು ಹಳ್ಳಿ. ಮಾಗಡಿ ಅಂದ ಕೂಡಲೇ ಬೆಂಗಳೂರು ಕಡೆಯವರು ಕೆಂಪೇಗೌಡರ ಹೆಸರು ತೆಗೆಯುತ್ತಾರೆ. ಅದಲ್ಲ. ಇದು ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ. ಗದಗದಿಂದ 26 ಕಿಲೋಮೀಟರ್. ಇಲ್ಲಿ ಕೋಟೆಯಿಲ್ಲ, ಕೆರೆಯಿದೆ. ಮಳೆನೀರು ನಿಲ್ಲಿಸಿ ಹೊಲಕ್ಕೆ ಬಿಡಲು ಹಿಂದಿನವರು ಕಟ್ಟಿದ ಕೆರೆ, ಸುಮಾರು 130 ಎಕರೆ. ಬೇಸಿಗೆಯಲ್ಲಿ ನೋಡಿದರೆ ಇದಕ್ಕಾ ಇಷ್ಟು ಹೆಸರು ಅನ್ನಿಸುತ್ತದೆ. ಚಳಿಗಾಲದಲ್ಲಿ ನೋಡಬೇಕು. ನೀರಿನ ಅಂಚಿಗೆ ಬೂದು ಬಣ್ಣದ ಕಂಬಳಿ ಹಾಸಿದ ಹಾಗೆ ಕೂತಿರುತ್ತವೆ ಹಕ್ಕಿಗಳು.

ಪುಸ್ತಕದಲ್ಲಿ ಇವುಗಳ ಹೆಸರು ಪಟ್ಟೆತಲೆ ಹೆಬ್ಬಾತು. ಇಂಗ್ಲಿಷಿನಲ್ಲಿ ಬಾರ್ ಹೆಡೆಡ್ ಗೂಸ್. ಪೇಪರಿನವರು ಕೆಲವೊಮ್ಮೆ ಗೀರುತಲೆ ಬಾತುಕೋಳಿ ಅಂತ ಬರೆಯುತ್ತಾರೆ, ನನಗೆ ಅದೇ ಇಷ್ಟ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೀರು. ಯಾರೋ ಕಾಡಿಗೆ ಬೆರಳಿನಲ್ಲಿ ಒಂದರ ಕೆಳಗೆ ಒಂದು ಎಳೆದ ಹಾಗೆ. ಕೊಕ್ಕು ಮತ್ತು ಕಾಲು ಹಳದಿ-ಕಿತ್ತಳೆ. ಮೈ ಬೂದು. ಕುತ್ತಿಗೆಯ ಎರಡೂ ಬದಿಗೆ ಒಂದೊಂದು ಬಿಳಿ ಪಟ್ಟಿ ಇಳಿದಿರುತ್ತದೆ. ತೂಕ ಎರಡರಿಂದ ಮೂರು ಕೆಜಿ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಐದು ಅಡಿ. ಅಪ್ಪನಿಗೆ ಇದ್ಯಾವುದೂ ಬೇಕಿಲ್ಲ. ಅವನ ಬಾಯಲ್ಲಿ ಇವು ಸುಮ್ನೆ "ಅವು". ಸಿಟ್ಟು ಬಂದಾಗ "ನಿನ್ನ ಹಕ್ಕಿ". ನಾನು ಎಂದಿನಿಂದ ಇವುಗಳ ಒಡತಿಯಾದೆನೋ ಗೊತ್ತಿಲ್ಲ.

ನಾನು ಹುಬ್ಬಳ್ಳಿಯ ಒಂದು ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಜೆ ಸಿಕ್ಕಾಗ ಲಕ್ಷ್ಮೇಶ್ವರದ ಬಸ್ಸು ಹತ್ತುತ್ತೇನೆ. ಕೆಲಸದ ವಿಷಯ ಯಾಕೆ ಹೇಳಿದೆ ಅಂದರೆ, ಮುಂದೆ ಬೇಕಾಗುತ್ತದೆ.

ಮೊದಲು ಹೊಲದ ಕತೆ.

ನಮ್ಮದು ಎರೆಭೂಮಿ. ಹಿಂಗಾರಿಗೆ ಕಡಲೆ. ಅಕ್ಟೋಬರ್‌ನಲ್ಲಿ ಬಿತ್ತಿದರೆ ನವೆಂಬರ್ ಕೊನೆಗೆ ಗಿಡ ಗೇಣುದ್ದ ಆಗಿ ಕುಡಿ ಒಡೆದಿರುತ್ತದೆ. ಇವು ಬರುವುದೂ ಸರಿಯಾಗಿ ಅದೇ ಹೊತ್ತಿಗೆ. ಹಗಲೆಲ್ಲ ಕೆರೆಯಲ್ಲಿ ಸಾಧುಗಳ ಹಾಗೆ ಕೂತಿರುತ್ತವೆ. ಒಂದು ಕಾಲ ಮೇಲೆ ನಿಂತು, ಕೊಕ್ಕನ್ನು ಬೆನ್ನಿನ ಪುಕ್ಕದಲ್ಲಿ ತುರುಕಿ ನಿದ್ದೆ. ಫೋಟೋ ತೆಗೆಯಲು ಬಂದವರಿಗೆ ಕಾಣುವುದು ಇಷ್ಟೇ. "ಎಷ್ಟು ಪ್ರಶಾಂತ ಹಕ್ಕಿ" ಅಂತ ಬರೆದುಕೊಂಡು ಸಂಜೆ ಆರಕ್ಕೆ ಕಾರು ಹತ್ತುತ್ತಾರೆ. ನಾಟಕ ಶುರುವಾಗುವುದೇ ಆಮೇಲೆ.

ಹೊತ್ತು ಮುಳುಗಿ ಮುಖ ಕಾಣದಷ್ಟು ಕತ್ತಲಾದ ಮೇಲೆ ಒಂದು ಕೂಗುತ್ತದೆ. ಮೂಗಿನಲ್ಲಿ ಕೂಗುವ ದನಿ, "ಆಂಙ್... ಆಂಙ್...". ಇನ್ನೊಂದು ಉತ್ತರ ಕೊಡುತ್ತದೆ. ಐದು ನಿಮಿಷದಲ್ಲಿ ಕೆರೆ ತುಂಬಾ ಸಂತೆಯ ಗದ್ದಲ. ಆಮೇಲೆ ಗುಂಪು ಗುಂಪಾಗಿ ಏಳುತ್ತವೆ. ಇಪ್ಪತ್ತು, ಮೂವತ್ತು, ನೂರು. ತಲೆಯ ಮೇಲೆ ಹಾದುಹೋಗುವಾಗ ರೆಕ್ಕೆಯ ಸದ್ದು ಕೇಳುತ್ತದೆ, ಒದ್ದೆ ಸೀರೆ ಕೊಡವಿದ ಹಾಗೆ. ಹೊಲದ ಮೇಲೆ ಒಂದು ಸುತ್ತು ಹಾಕಿ ಇಳಿಯುತ್ತವೆ. ಎಲ್ಲವೂ ಒಟ್ಟಿಗೆ ತಲೆ ತಗ್ಗಿಸಿ ತಿನ್ನುವುದಿಲ್ಲ. ಹಿಂಡಿನಲ್ಲಿ ಯಾವಾಗಲೂ ನಾಲ್ಕಾರು ತಲೆ ಮೇಲೆ ಇರುತ್ತವೆ. ಅವು ಕಾವಲಿನವು. ಬದುವಿನ ಮೇಲೆ ಅಪ್ಪ ಕೆಮ್ಮಿದರೂ ಅವುಗಳ ಕುತ್ತಿಗೆ ಕೋಲಿನ ಹಾಗೆ ನೆಟ್ಟಗಾಗುತ್ತದೆ.

ಇವು ಮೀನು ತಿನ್ನುವ ಹಕ್ಕಿಗಳಲ್ಲ. ಹುಲ್ಲು, ಜೊಂಡಿನ ಗಡ್ಡೆ, ಗೋಧಿಯ ಎಳೆ, ಕಾಳು. ಶೇಂಗಾ ಕಿತ್ತ ಹೊಲದಲ್ಲಿ ಮಣ್ಣಲ್ಲಿ ಉಳಿದ ಕಾಯಿ ಹೆಕ್ಕಿ ತಿಂದರೆ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಕಡಲೆಯದ್ದು.

ಇಲ್ಲಿ ಒಂದು ತಮಾಷೆಯಿದೆ. ಕಡಲೆ ಬೆಳೆಯುವವರಿಗೆ ಗೊತ್ತು, ಬಿತ್ತಿ ತಿಂಗಳಾದ ಮೇಲೆ ಗಿಡದ ಕುಡಿ ಚಿವುಟಬೇಕು. ಚಿವುಟಿದರೆ ಪಕ್ಕದಲ್ಲಿ ಟೊಂಗೆ ಒಡೆದು ಕಾಯಿ ಜಾಸ್ತಿ ಹಿಡಿಯುತ್ತದೆ. ಚಿವುಟಿದ ಸೊಪ್ಪು ಪಲ್ಯಕ್ಕೆ. ಮಿಕ್ಕಿದ್ದನ್ನು ಅವ್ವ ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿ ಇಡುತ್ತಾಳೆ, ಬೇಸಿಗೆಗೆ. ಈ ಹೆಬ್ಬಾತುಗಳು ಮಾಡುವುದೂ ಅದೇ ಕೆಲಸ. ಅಪ್ಪ ಒಂದು ವರ್ಷ ಒಳ್ಳೆ ಮೂಡಿನಲ್ಲಿದ್ದಾಗ ಹೇಳಿದ್ದ, "ಕುಡಿ ಚಿವುಟಾಕ ಆಳು ಕರದ್ರ ದಿನಕ್ಕ ಮುನ್ನೂರು ಕೊಡಬೇಕು. ಇವು ಪುಕ್ಕಟೆ ಮಾಡತಾವ."

"ಮತ್ತ ಬೈತೀ ಯಾಕಪ್ಪಾ?"

"ಆಳಿಗೆ ಸಾಕು ಅಂದ್ರ ನಿಲ್ಲಸ್ತಾರ. ಇವಕ್ಕ ಯಾರ ಹೇಳಬೇಕು?"

ಅದು ನಿಜ. ಎರಡನೇ ರಾತ್ರಿ ಬಂದರೆ ಟೊಂಗೆ, ಮೂರನೇ ರಾತ್ರಿ ಬಂದರೆ ಬೇರು. ಒದ್ದೆ ಎರೆಮಣ್ಣಿನಲ್ಲಿ ಹಿಡಿದು ಜಗ್ಗಿದರೆ ಎಳೆ ಗಿಡ ಬೇರು ಸಮೇತ ಬಂದುಬಿಡುತ್ತದೆ. ಕಡಲೆ ಎಲೆಯ ಮೇಲೆ ಹುಳಿ ಇರುತ್ತದಲ್ಲ, ನಸುಕಿನಲ್ಲಿ ಬರಿಗಾಲಲ್ಲಿ ಹೊಲ ಹೊಕ್ಕರೆ ಕಾಲು ಚುರುಗುಟ್ಟುತ್ತದೆ. ನಮ್ಮಜ್ಜಿ ಬಿಳಿ ಬಟ್ಟೆ ಹಾಸಿ ಇಬ್ಬನಿಯ ಜೊತೆ ಆ ಹುಳಿ ಹಿಂಡಿ ಬಾಟಲಿಯಲ್ಲಿ ಇಡುತ್ತಿದ್ದಳು, ಹೊಟ್ಟೆನೋವಿಗೆ ಮದ್ದು ಅಂತ. ಆ ಹುಳಿಗೂ ಇವು ಜಗ್ಗುವುದಿಲ್ಲ.

ಹಾಗಾಗಿ ಡಿಸೆಂಬರ್, ಜನವರಿ ಎರಡು ತಿಂಗಳು ಅಪ್ಪ ಮನೆಯಲ್ಲಿ ಮಲಗುವುದಿಲ್ಲ. ಬದುವಿನ ಮೇಲೆ ಗುಡಿಸಲು. ಒಂದು ಕಂಬಳಿ, ಒಂದು ಚಾರ್ಜಿಂಗ್ ಟಾರ್ಚು, ಬಡಿಯಲು ಒಂದು ಎಣ್ಣೆ ಡಬ್ಬಿ. ಡಬ್ಬಿ ಬಡಿದರೆ ಎದ್ದು ಪಕ್ಕದ ಹೊಲಕ್ಕೆ ಹೋಗುತ್ತವೆ. ಆ ಹೊಲದ ಕಾಕಾ ಡಬ್ಬಿ ಬಡಿದರೆ ಮತ್ತೆ ನಮ್ಮ ಹೊಲ. ಹಕ್ಕಿ ಓಡಿಸುವ ಹೆಸರಿನಲ್ಲಿ ಇಬ್ಬರೂ ರಾತ್ರಿಯಿಡೀ ಹಕ್ಕಿಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಾರೆ. ಬೆಳಗ್ಗೆ ಒಟ್ಟಿಗೆ ಕೂತು ಚಹಾ ಕುಡಿಯುತ್ತಾರೆ.

ಒಮ್ಮೆ ನಾನೇ ಅಪ್ಪನನ್ನು ಕರೆದುಕೊಂಡು ಒಂದು ಕಚೇರಿಗೆ ಹೋಗಿದ್ದೆ, ಪರಿಹಾರಕ್ಕೆ ಅರ್ಜಿ ಕೊಡಲು. ಅಲ್ಲಿದ್ದವರು ಒಳ್ಳೆಯವರೇ. ಅರ್ಜಿ ಓದಿದರು, ನಕ್ಕರು. "ಹಂದಿ ಹೊಕ್ರ ಹೆಜ್ಜಿ ಇರತೈತ್ರಿ. ಹಕ್ಕಿ ತಿಂದಿದ್ದನ್ನ ಹೆಂಗ ಅಳೀಬೇಕು?" ಅಪ್ಪ ಜೇಬಿನಿಂದ ಹಸಿರು ಹಿಕ್ಕೆ ಇದ್ದ ಪೊಟ್ಟಣ ತೆಗೆದು ಟೇಬಲ್ ಮೇಲೆ ಇಟ್ಟ. ಸಾಕ್ಷಿ! ಆ ದಿನದ ನಗು ಆ ಕಚೇರಿಯಲ್ಲಿ ಇನ್ನೂ ಇರಬಹುದು. ಪರಿಹಾರ ಬರಲಿಲ್ಲ. ಆ ಹಿಕ್ಕೆ ಹೊಲಕ್ಕೆ ಒಳ್ಳೆ ಗೊಬ್ಬರ ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ತಿಂದದ್ದಕ್ಕೆ ಇದು ಸರಿಹೋಗುತ್ತದಾ ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ.

ಈಗ ಕೆರೆಯ ಹತ್ತಿರ ಬೋರ್ಡು ಬಂದಿದೆ. 2024ರ ಜನವರಿಯಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು. ಅದೇ ಸಲ ಅಂಕಸಮುದ್ರವೂ ಅಘನಾಶಿನಿಯ ಅಳಿವೆಯೂ ಸೇರಿದವು. ಅದಕ್ಕೂ ಮೊದಲು ಕರ್ನಾಟಕದಿಂದ ಇದ್ದದ್ದು ರಂಗನತಿಟ್ಟು ಒಂದೇ. ಲೆಕ್ಕದ ಪ್ರಕಾರ ಇಲ್ಲಿ 166 ಜಾತಿಯ ಹಕ್ಕಿಗಳಿವೆ, ಅದರಲ್ಲಿ 130 ವಲಸೆ ಬರುವಂಥವು. ಚಳಿಗಾಲದಲ್ಲಿ ಎಂಟು ಸಾವಿರದಷ್ಟು ಹಕ್ಕಿ ಸೇರುತ್ತವೆ. ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತು ಜಾಸ್ತಿ ತಂಗುವ ಜಾಗಗಳಲ್ಲಿ ಇದೂ ಒಂದು. ಅಪ್ಪನಿಗೆ ಓದಿ ಹೇಳಿದೆ. "ಎಂಟು ಸಾವಿರನಾ? ಯಾರ ಎಣಿಸಿದ್ರು?" ಅಂದ. "ಹಗಲಿ ಎಣಿಸ್ಯಾರ. ರಾತ್ರಿ ಬಂದು ಎಣಸಬೇಕಿತ್ತು."

ಅಣ್ಣನ ಮಗನಿಗೆ ಒಂಬತ್ತು ವರ್ಷ. ಅವನು ನನ್ನ ಹಳೆ ಬೈನಾಕ್ಯುಲರ್ ಹಿಡಿದು ಗಂಟೆಗಟ್ಟಲೆ ಒಡ್ಡಿನ ಮೇಲೆ ಕೂರುತ್ತಾನೆ. ಹುಡುಕುವುದು ಒಂದೇ, ಕೊರಳಪಟ್ಟಿ. ಮಂಗೋಲಿಯಾದಲ್ಲಿ ಕೆಲವು ಹೆಬ್ಬಾತುಗಳ ಕುತ್ತಿಗೆಗೆ ಹಸಿರು ಬಳೆ ಹಾಕಿ, ಅದರ ಮೇಲೆ ಅಕ್ಷರ-ಅಂಕಿ ಬರೆದು ಬಿಡುತ್ತಾರೆ. ಅಂಥವು ಮೈಸೂರು ಸೀಮೆಯ ಹದಿನಾರು ಅನ್ನುವ ಊರಿನ ಕೆರೆಯಲ್ಲಿ ಕಂಡಿವೆ. ಮಂಗೋಲಿಯಾದಿಂದ ಇಲ್ಲಿಗೆ ನೇರ ಗೆರೆ ಎಳೆದರೂ ನಾಲ್ಕು ಸಾವಿರ ಕಿಲೋಮೀಟರ್ ದಾಟುತ್ತದೆ. ನಮ್ಮ ಹುಡುಗನಿಗೆ ಇನ್ನೂ ಒಂದೂ ಸಿಕ್ಕಿಲ್ಲ. ಆದರೆ ಹುಡುಕುತ್ತಾ ಹುಡುಕುತ್ತಾ ಬೇರೆ ಏನೋ ಕಂಡುಹಿಡಿದ. "ಅತ್ತೀ, ಕೆಲವಕ್ಕ ತಲಿಮ್ಯಾಲೆ ಗೀರಿಲ್ಲ!"

ಹೌದು, ಇರುವುದಿಲ್ಲ. ಅವು ಅದೇ ವರ್ಷ ಹುಟ್ಟಿದ ಮರಿಗಳು. ಮೊದಲ ಚಳಿಗಾಲದಲ್ಲಿ ಅವುಗಳ ತಲೆಯ ಹಿಂದೆ ಮಾಸಲು ಕಂದು ಬಣ್ಣ ಅಷ್ಟೇ. ಅವು ಅಪ್ಪ-ಅವ್ವನನ್ನು ಬಿಟ್ಟು ಇರುವುದಿಲ್ಲ. ಗುಂಪಿನಲ್ಲಿ ಸರಿಯಾಗಿ ನೋಡಿದರೆ ಸಂಸಾರಗಳು ಬೇರೆ ಬೇರೆ ಕಾಣುತ್ತವೆ. ಎರಡು ಗೀರಿನವು, ನಡುವೆ ಎರಡು ಮೂರು ಗೀರಿಲ್ಲದವು. ಅಂದರೆ ಐದಾರು ತಿಂಗಳ ಕೂಸುಗಳು ಹುಟ್ಟಿದ ವರ್ಷವೇ ಹಿಮಾಲಯ ದಾಟಿ ಶಿರಹಟ್ಟಿ ತಾಲೂಕಿಗೆ ಬಂದಿವೆ. ನಾನು ಆ ವಯಸ್ಸಿನಲ್ಲಿ ತೊಟ್ಟಿಲು ದಾಟಿರಲಿಲ್ಲ.

ನಮ್ಮ ಕತೆಗಳ ಹಂಸ ಅಂದರೆ ಇದೇ ಹಕ್ಕಿ ಅಂತ ಕೆಲವು ವಿದ್ವಾಂಸರು ಹೇಳಿದ್ದಾರೆ. ಮಳೆಗಾಲಕ್ಕೆ ಮಾನಸ ಸರೋವರಕ್ಕೆ ಹೋಗುವ, ಚಳಿಗೆ ಬಯಲಿಗೆ ಇಳಿಯುವ ಹಂಸ ಅಂದರೆ ಲೆಕ್ಕ ಸರಿಯಾಗಿಯೇ ಕೂರುತ್ತದೆ. ಹೊಯ್ಸಳರ ಗುಡಿಗಳ ಅಡಿಪಟ್ಟಿಯಲ್ಲಿ ಸಾಲಾಗಿ ನಡೆಯುವ ಹಂಸಗಳನ್ನು ನೋಡಿ. ಬಾಲದ ಬಳ್ಳಿ ಬಿಟ್ಟರೆ ನಡಿಗೆ ಇದರದ್ದೇ. ಹಾಲು-ನೀರು ಬೇರೆ ಮಾಡುತ್ತದೋ ಗೊತ್ತಿಲ್ಲ, ನಮ್ಮ ಹೊಲದಲ್ಲಿ ಕಡಲೆ ಮತ್ತು ಕಸವನ್ನು ಮಾತ್ರ ಬಹಳ ಚೆನ್ನಾಗಿ ಬೇರೆ ಮಾಡುತ್ತದೆ. ಕಸ ಬಿಟ್ಟು ಕಡಲೆ ತಿನ್ನುತ್ತದೆ.

ಇನ್ನು ನನ್ನ ಕೆಲಸದ ವಿಷಯ. ದಿನಾ ನೂರು ಜನರ ಹಿಮೋಗ್ಲೋಬಿನ್ ನೋಡುವವಳು ನಾನು. ಬಸುರಿಯರದ್ದು ಎಂಟು, ಒಂಬತ್ತು. ಗಂಡಸರದ್ದು ಹದಿನಾಲ್ಕು. ಮೆಷಿನ್ ಚೀಟಿ ಉಗುಳುತ್ತದೆ, ನಾನು ಸಹಿ ಹಾಕುತ್ತೇನೆ. ಹಿಮೋಗ್ಲೋಬಿನ್ ಅಂದರೆ ನನಗೆ ಬರೀ ಒಂದು ಅಂಕಿಯಾಗಿಬಿಟ್ಟಿತ್ತು. ಎಷ್ಟಿದೆ ಅನ್ನುವುದಷ್ಟೇ ಪ್ರಶ್ನೆ. ಎಂಥದ್ದಿದೆ ಅಂತ ಯಾರೂ ಕೇಳುವುದಿಲ್ಲ. ಈ ಹಕ್ಕಿಯ ಬಗ್ಗೆ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಐದೂವರೆ ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನಮ್ಮ ಬಯಲಿನ ಅರ್ಧ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ಅಲ್ಲಿ ಮನುಷ್ಯ ಕೆಲವು ವಾರ ಇದ್ದರೆ ಮೈ ಕೆಂಪು ರಕ್ತಕಣ ಜಾಸ್ತಿ ಮಾಡಿಕೊಳ್ಳುತ್ತದೆ. ಆಳು ಸಾಲದಿದ್ದರೆ ಇನ್ನೂ ನಾಲ್ಕು ಜನರನ್ನು ಕರೆದ ಹಾಗೆ. ಹೆಬ್ಬಾತಿಗೆ ಅಷ್ಟು ಪುರುಸೊತ್ತಿಲ್ಲ. ಅದು ಆಳುಗಳ ಸಂಖ್ಯೆ ಹೆಚ್ಚಿಸಿಲ್ಲ, ಕೆಲಸಗಾರ ಆಳನ್ನೇ ಇಟ್ಟುಕೊಂಡಿದೆ. ಹಿಮೋಗ್ಲೋಬಿನ್ ಅಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್. ಅದರ ಆಲ್ಫಾ ಎಳೆ 141 ಅಮೈನೋ ಆಮ್ಲದ ಮಣಿಗಳ ಸರ ಅಂದುಕೊಳ್ಳಿ. ಬಯಲಲ್ಲೇ ಇರುವ ಇದರ ದಾಯಾದಿ ಹೆಬ್ಬಾತಿನಲ್ಲಿ 119ನೇ ಮಣಿ ಪ್ರೋಲಿನ್. ಇದರಲ್ಲಿ ಅಲನಿನ್. ಬೇರೆ ಕೆಲವು ಮಣಿಗಳೂ ಬದಲಾಗಿವೆ, ಆದರೆ ಮುಖ್ಯವಾದದ್ದು ಇದು. ಇಷ್ಟಕ್ಕೇ ಆ ಹಿಮೋಗ್ಲೋಬಿನ್ ಆಮ್ಲಜನಕವನ್ನು ಜಾಸ್ತಿ ಬಿಗಿಯಾಗಿ ಹಿಡಿಯುತ್ತದೆ. ತೆಳು ಗಾಳಿಯಲ್ಲೂ ಶ್ವಾಸಕೋಶದಿಂದ ಗುಟುಕು ಗುಟುಕಾಗಿ ಎಳೆದುಕೊಳ್ಳುತ್ತದೆ. ಜೊತೆಗೆ ದೊಡ್ಡ ಶ್ವಾಸಕೋಶ, ಹಾರುವ ಸ್ನಾಯುವಿನ ತುಂಬಾ ಕೂದಲೆಳೆಯಂಥ ರಕ್ತನಾಳ. ನಮ್ಮ ಮೆಷಿನ್ನಿಗೆ ಇದರ ರಕ್ತ ಹಾಕಿದರೆ ಒಂದು ಅಂಕಿ ಬರಬಹುದು, ವಿಶೇಷವೇನು ಅನ್ನುವುದು ಬರುವುದಿಲ್ಲ.

ಈ ಹಕ್ಕಿ ಎವರೆಸ್ಟ್ ಮೇಲೆ ಹಾರುತ್ತದೆ ಅಂತ ಎಲ್ಲ ಕಡೆ ಬರೆಯುತ್ತಾರೆ. 1953ರಲ್ಲಿ ಎವರೆಸ್ಟ್ ಹತ್ತಿದ ತಂಡದಲ್ಲಿದ್ದ ಜಾರ್ಜ್ ಲೋ ಅಂಥದ್ದನ್ನು ನೋಡಿದ್ದಾಗಿ ಹೇಳಿದ್ದರಂತೆ. ಕೇಳಲು ಚೆನ್ನಾಗಿದೆ. ಆದರೆ ಬೆನ್ನಿಗೆ ಉಪಗ್ರಹದ ಯಂತ್ರ ಕಟ್ಟಿ ನೋಡಿದವರಿಗೆ ಸಿಕ್ಕ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಬಹುಪಾಲು ಹಾರಾಟ ಐದೂವರೆ ಸಾವಿರ ಮೀಟರ್‌ನ ಒಳಗೇ. ಎವರೆಸ್ಟ್ ಕತೆ ಸುಳ್ಳಾದರೆ ಹಕ್ಕಿ ಸಣ್ಣದಾಗುತ್ತದಾ? ನನಗಂತೂ ನಿಜವೇ ಹೆಚ್ಚು ಇಷ್ಟವಾಯಿತು. ಯಾಕೆ ಅಂತ ಹೇಳುತ್ತೇನೆ.

ಭಾರತದಲ್ಲೂ ಮಂಗೋಲಿಯಾದಲ್ಲೂ ಯಂತ್ರ ಕಟ್ಟಿ ಬಿಟ್ಟ ಹೆಬ್ಬಾತುಗಳ ಲೆಕ್ಕ 2011ರಲ್ಲಿ ಹೊರಬಂತು. ಭಾರತದ ಕಡೆಯಿಂದ ಏರುವಾಗ ಏಳೆಂಟು ಗಂಟೆಯಲ್ಲಿ ಹಿಮಾಲಯ ಹತ್ತಿಬಿಡುತ್ತವೆ. ನಡುವೆ ನಿಂತು ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳುವುದು ಇಲ್ಲ. ಹದ್ದಿನ ಹಾಗೆ ಗಾಳಿಯ ಮೇಲೆ ತೇಲುವುದೂ ಇಲ್ಲ, ಇಡೀ ದಾರಿ ರೆಕ್ಕೆ ಬಡಿದೇ ಹೋಗಬೇಕು. ಮಧ್ಯಾಹ್ನ ಬೆಟ್ಟದ ಮೇಲಕ್ಕೆ ಗಾಳಿ ಬೀಸುತ್ತದೆ, ಅದರ ಬೆನ್ನೇರಬಹುದಲ್ಲ ಅಂತ ನಮಗೆ ಅನ್ನಿಸುತ್ತದೆ. ಇವು ಅದನ್ನು ಬಿಟ್ಟು ರಾತ್ರಿ ಮತ್ತು ನಸುಕಿನಲ್ಲಿ ಹಾರುತ್ತವೆ. ರಾತ್ರಿಯ ತಣ್ಣನೆ ಗಾಳಿ ಗಟ್ಟಿ, ರೆಕ್ಕೆಗೆ ಹಿಡಿತ ಜಾಸ್ತಿ. ಸುಳಿಗಾಳಿಯ ಕಾಟವೂ ಇಲ್ಲ. 2015ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಒಮ್ಮೆ ಏರಿ ಅದೇ ಎತ್ತರದಲ್ಲಿ ಸಾಗುವುದಿಲ್ಲ. ನೆಲ ಇಳಿದರೆ ಇವೂ ಇಳಿಯುತ್ತವೆ, ಬೆಟ್ಟ ಬಂದರೆ ಮತ್ತೆ ಏರುತ್ತವೆ. ಏರಿದ್ದನ್ನು ಯಾಕೆ ಕಳೆದುಕೊಳ್ಳಬೇಕು ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿದರೆ ತೆಳು ಗಾಳಿಯಲ್ಲಿ ಮೇಲೆಯೇ ಉಳಿಯುವುದಕ್ಕಿಂತ ಇಳಿದು ಏರುವುದೇ ಅಗ್ಗ.

ಅಪ್ಪನಿಗೆ ಇದನ್ನು ವಿವರಿಸಿದಾಗ ಮೊದಲ ಸಲ ತಲೆಯಾಡಿಸಿದ. "ನಮ್ಮೆತ್ತು ಹಂಗ. ದಿಬ್ಬಾ ಏರೂಮುಂದ ಅಡ್ಡ ಹೊಡೀತಿದ್ವು. ಹೇಳಿಕೊಟ್ಟವರ ಯಾರು?" ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ರಾತ್ರಿ ಹಾರೂದು, ರಾತ್ರಿ ತಿನ್ನೂದು. ಮಲಗೂದ ಯಾವಾಗ ಅವು?" ಅಂದ. ರಾತ್ರಿ ನಿದ್ದೆಗೆಟ್ಟವನಿಗೆ ಹೊಳೆಯುವ ಪ್ರಶ್ನೆ.

ಇನ್ನೊಬ್ಬಳ ವಿಷಯ ಹೇಳದೆ ಮುಂದೆ ಹೋಗಲಾರೆ. ಜೆಸಿಕಾ ಮೀರ್ ಅಂತ ಅಮೆರಿಕದ ವಿಜ್ಞಾನಿ. ಈ ಹೆಬ್ಬಾತಿನ ಹನ್ನೆರಡು ಮರಿಗಳು ಮೊಟ್ಟೆ ಒಡೆದಾಗ ಅವುಗಳ ಕಣ್ಣಿಗೆ ಮೊದಲು ಬಿದ್ದವಳು ಇವಳು. ಅವಳೇ ಅವ್ವ ಅಂತ ಹಿಂದೆ ಬಿದ್ದವು. ಅವಳು ಸೈಕಲ್ ತುಳಿದರೆ ಪಕ್ಕದಲ್ಲಿ ಹಾರುತ್ತಾ ಬರುತ್ತಿದ್ದವು. ದೊಡ್ಡವಾದ ಮೇಲೆ ಗಾಳಿ ಬೀಸುವ ಸುರಂಗದಲ್ಲಿ, ಮೂತಿಗೆ ಪುಟ್ಟ ಮಾಸ್ಕ್ ಹಾಕಿ ಹಾರಿಸಿದಳು. ನಾವು ಉಸಿರಾಡುವ ಗಾಳಿಯಲ್ಲಿ 21 ಪಾಲು ಆಮ್ಲಜನಕ. ಮಾಸ್ಕಿನಲ್ಲಿ ಅದನ್ನು 7ಕ್ಕೆ ಇಳಿಸಿದರೂ ಕೆಲವು ಹಕ್ಕಿಗಳು ಹಾರಿದವು. ಎವರೆಸ್ಟ್ ತುದಿಯ ಗಾಳಿ ಅದು. ಆಗ ಅವುಗಳ ರಕ್ತ ತಣ್ಣಗಾಗುತ್ತಿತ್ತು. ರಕ್ತ ತಣ್ಣಗಾದರೆ ಹಿಮೋಗ್ಲೋಬಿನ್ ಇನ್ನಷ್ಟು ಆಮ್ಲಜನಕ ಹಿಡಿಯುತ್ತದೆ. ಈ ಅಧ್ಯಯನ ಅಚ್ಚಾದದ್ದು 2019ರ ಸೆಪ್ಟೆಂಬರ್‌ನಲ್ಲಿ. ಅದೇ ತಿಂಗಳು ಅವಳು ಬಾಹ್ಯಾಕಾಶಕ್ಕೆ ಹೋದಳು. ಅಕ್ಟೋಬರ್‌ನಲ್ಲಿ ಹೆಂಗಸರಿಬ್ಬರೇ ಸೇರಿ ಮಾಡಿದ ಮೊದಲ ಬಾಹ್ಯಾಕಾಶ ನಡಿಗೆಯಲ್ಲಿ ಅವಳಿದ್ದಳು. ಅವ್ವ ಮಕ್ಕಳಿಗಿಂತ ಎತ್ತರ ಹಾರಿಬಿಟ್ಟಳು.

ಇಷ್ಟೆಲ್ಲ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. 2022ರ ಜುಲೈನಲ್ಲಿ ನಮ್ಮವರ ಕೈಕಾಲು ಹಿಡಿದು ಲಡಾಖಿಗೆ ಹೊರಡಿಸಿದೆ. ಲೇಹ್‌ನಲ್ಲಿ ಮೂರು ದಿನ ಮೈ ಒಗ್ಗಿಸಿಕೊಂಡು ತ್ಸೊ ಮೊರಿರಿ ಸರೋವರಕ್ಕೆ ಹೋದೆವು. ನಾಲ್ಕೂವರೆ ಸಾವಿರ ಮೀಟರ್ ಎತ್ತರ. ದಡದಲ್ಲಿ ಕೊರ್ಜೋಕ್ ಅನ್ನುವ ಹಳ್ಳಿ. ಕೊರೊನಾ ಕಾಲದಲ್ಲಿ ಕೊಂಡ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬ್ಯಾಗಿನಲ್ಲೇ ಇತ್ತು. ಹುಬ್ಬಳ್ಳಿಯಲ್ಲಿ 98 ತೋರಿಸುತ್ತಿದ್ದದ್ದು ಅಲ್ಲಿ 82. ತಲೆ ಸೀಳಿ ಹೋಗುವ ನೋವು. ಹತ್ತು ಹೆಜ್ಜೆಗೆ ಒಮ್ಮೆ ನಿಂತು ಏದುಸಿರು. ನಮ್ಮ ಯಜಮಾನರು ರೂಮಿನಲ್ಲಿ ಮಲಗಿ "ಮಾಗಡ್ಯಾಗ ಪುಕ್ಕಟೆ ಕಾಣೂ ಹಕ್ಕಿ ಇದು" ಅಂತ ಗೊಣಗುತ್ತಿದ್ದರು. ತಪ್ಪೇನೂ ಹೇಳಲಿಲ್ಲ.

ಮರುದಿನ ಬೆಳಗ್ಗೆ ಡ್ರೈವರ್ ಕರೆದ. ಹಳ್ಳದ ನೀರು ಸರೋವರಕ್ಕೆ ಸೇರುವ ಕಡೆ ಜೌಗು ಹುಲ್ಲುಗಾವಲು. "ಙಂಗ್‌ಪಾ" ಅಂತ ಕೈ ತೋರಿಸಿದ. ಅವರ ಮಾತಿನಲ್ಲಿ ಬಾತಿಗೆ ಅದೇ ಹೆಸರು. ನನಗೆ ನಗು ತಡೆಯಲಾಗಲಿಲ್ಲ. ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಙ ಕಲಿಯುವಾಗ ಕಮಲ, ಖಡ್ಗ, ಗಣಪ, ಘಂಟೆ ಆದಮೇಲೆ ಙಗೆ ಚಿತ್ರವೇ ಇರುತ್ತಿರಲಿಲ್ಲ. ಆ ಅಕ್ಷರಕ್ಕೆ ಒಂದು ಚಿತ್ರ ಸಿಗಲು ಮೂವತ್ತು ವರ್ಷ ಬೇಕಾಯಿತು. ನಮ್ಮ ಕೆರೆಯಲ್ಲಿ ಅವು ಆಂಙ್ ಆಂಙ್ ಅಂತ ತಮ್ಮ ಹೆಸರನ್ನೇ ಹೇಳುತ್ತಿದ್ದವೋ ಏನೋ.

ಅಲ್ಲಿ ನೋಡಿದ ಹೆಬ್ಬಾತು ನಮ್ಮೂರಿನದ್ದಲ್ಲ ಅನ್ನಿಸಿತು. ಗುಂಪಿಲ್ಲ, ಗದ್ದಲವಿಲ್ಲ. ಒಂದು ಜೋಡಿ, ಹಿಂದೆ ಐದು ಮರಿ. ಮರಿಗಳ ಮೈಮೇಲೆ ಹಳದಿ-ಬೂದು ತುಪ್ಪಟ. ಮೊಟ್ಟೆಯಿಂದ ಬಂದ ಮೇಲೆ ಇವಕ್ಕೆ ಗುಟುಕು ಕೊಡುವವರಿಲ್ಲ. ತಾವೇ ಹುಲ್ಲು ಕಚ್ಚುತ್ತವೆ. ದೊಡ್ಡವು ಕಾವಲು ಅಷ್ಟೇ. ಮೇ-ಜೂನ್ ಹೊತ್ತಿಗೆ ನೀರಿನ ನಡುವಿನ ನಡುಗಡ್ಡೆಗಳಲ್ಲಿ, ನೆಲದ ಮೇಲೇ ಗೂಡು. ಒಂದರ ಪಕ್ಕ ಒಂದು. ಒಳಗೆ ಹೆಣ್ಣು ತನ್ನ ಎದೆಯ ತುಪ್ಪಟವನ್ನೇ ಕಿತ್ತು ಹಾಸುತ್ತದೆ. ನಾಲ್ಕರಿಂದ ಆರು ಮೊಟ್ಟೆ. ಕಾವು ಕೊಡುವುದು ಹೆಣ್ಣು, ಸುಮಾರು ತಿಂಗಳು. ಗಂಡು ಹತ್ತಿರವೇ ಕಾಯುತ್ತದೆ. ಮರಿ ಹಾರಲು ಇನ್ನೆರಡು ತಿಂಗಳು. ಈ ನಡುವೆ ದೊಡ್ಡವುಗಳ ರೆಕ್ಕೆಗರಿಯೂ ಒಟ್ಟಿಗೆ ಉದುರಿ, ಕೆಲವು ವಾರ ಅವೂ ಹಾರಲಾರವು. ಹಿಮಾಲಯ ದಾಟುವ ಹಕ್ಕಿ ಮರಿಗಳ ಜೊತೆ ನೆಲಕ್ಕೆ ಅಂಟಿಕೊಂಡಿರುತ್ತದೆ.

ನೋಡುತ್ತಾ ಇದ್ದ ಹಾಗೆ ಹಳ್ಳಿ ಕಡೆಯಿಂದ ಎರಡು ನಾಯಿ ಬಂದವು. ಲಡಾಖಿನಲ್ಲಿ ಬೀದಿನಾಯಿಗಳ ಕಾಟ ದೊಡ್ಡದು. ಸಂಸಾರವಿಡೀ ನೀರಿಗೆ ಇಳಿಯಿತು. ಮುಂದೆ ಒಂದು, ಹಿಂದೆ ಒಂದು, ನಡುವೆ ಐದು. ಕೊನೆಯ ಮರಿ ಸ್ವಲ್ಪ ಹಿಂದುಳಿದಿತ್ತು. ನಾನು ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಕಲ್ಲಿಗೆ ಬಡಿದು ಹೋ ಅಂತ ಕೂಗಿದೆ. ನಾಯಿ ನಿಂತವು. ಕೂಗಿದ್ದಕ್ಕೇ ನನಗೆ ಕಣ್ಣು ಕತ್ತಲು ಬಂತು, ಕೆಳಗೆ ಕೂತೆ. ಆಮೇಲೆ ಹೊಳೆಯಿತು, ಅಪ್ಪ ಇವನ್ನು ಓಡಿಸಲು ಡಬ್ಬಿ ಬಡಿಯುತ್ತಾನೆ, ನಾನು ಉಳಿಸಲು ಬಾಟಲಿ ಬಡಿದೆ. ಮನೆತನದ ವಿದ್ಯೆ.

ಊರಿಗೆ ಬಂದು ಫೋಟೋ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. "ಬಾಣಂತನ ಅಲ್ಲಿ, ಊಟ ನಮ್ಮಲ್ಲಿ" ಅಂದ. ಅವ್ವ ಒಳಗಿನಿಂದ, "ಮತ್ತ? ಬೀಗರಂದ್ರ ಹಂಗ" ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅವಕ್ಕೆ ಬೀಗರು ಅಂತಲೇ ಹೆಸರು.

ಬೀಗರ ಆರೋಗ್ಯದ ಚಿಂತೆಯೂ ನಮ್ಮದೇ. 2021ರ ಜನವರಿಯಲ್ಲಿ ಹಿಮಾಚಲದ ಪೊಂಗ್ ಜಲಾಶಯದಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿ ಸತ್ತವು. ಬಹುಪಾಲು ಇವೇ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲೂ ಹಾಗೆಯೇ ಆಗಿತ್ತು, ಆರು ಸಾವಿರಕ್ಕೂ ಹೆಚ್ಚು. ಒಟ್ಟೊಟ್ಟಾಗಿ ಇರುವ ಹಕ್ಕಿಗೆ ರೋಗವೂ ಒಟ್ಟಿಗೇ. ಆ ಜನವರಿ ಅಪ್ಪ ದಿನಾ ಬೆಳಗ್ಗೆ ಒಡ್ಡಿನ ಮೇಲೆ ಹೋಗಿ ನೋಡಿ ಬರುತ್ತಿದ್ದ. ಸತ್ತದ್ದು ಕಂಡರೆ ಮುಟ್ಟಬೇಡ, ಫೋನ್ ಮಾಡು ಅಂತ ನಾನು ಹತ್ತು ಸಲ ಹೇಳಿದ್ದೆ. ನಮ್ಮ ಕಡೆ ಏನೂ ಕಾಣಲಿಲ್ಲ. "ಎಲ್ಲಾ ಆರಾಮ ಅದಾವ, ನಿನ್ನೆ ರಾತ್ರಿನೂ ಚಲೋ ಉಂಡಾವ" ಅಂತ ವರದಿ ಬರುತ್ತಿತ್ತು.

ಮಳೆ ಕೈಕೊಟ್ಟು ಕೆರೆ ಒಣಗಿದ ವರ್ಷಗಳೂ ಇವೆ. ಅಂಥ ಒಂದು ವರ್ಷ ಹಿಂಡು ಬಂದು ಮೇಲೆ ಎರಡು ಸುತ್ತು ಹಾಕಿ ಹೊರಟೇ ಹೋಯಿತು. ಆ ವರ್ಷ ಕಡಲೆಯೂ ಏಳಲಿಲ್ಲ. ಅಪ್ಪ ಫೋನ್ ಮಾಡಿ ಮಳೆ, ಸಾಲ, ಎಮ್ಮೆ ಎಲ್ಲ ಮಾತಾಡಿದ. ಹಕ್ಕಿಯ ಸುದ್ದಿ ತೆಗೆಯಲಿಲ್ಲ, ನಾನೂ ಕೇಳಲಿಲ್ಲ.

ಈ ಸಲ ಫೆಬ್ರವರಿ ಕೊನೆಗೆ ಫೋನ್ ಮಾಡಿದ್ದು ಅವ್ವ. ಕಡಲೆ ಕಿತ್ತು ಒಕ್ಕಿದ್ದಾಯಿತು, ಹೋದ ವರ್ಷಕ್ಕಿಂತ ಎರಡು ಚೀಲ ಕಡಿಮೆ, ಒಣಗಿಸಿದ ಸೊಪ್ಪು ಕಳಿಸಲಾ ಅಂತ ಕೇಳಿದಳು. ಅಪ್ಪ ಎಲ್ಲಿ ಅಂದೆ.

"ಮನ್ಯಾಗ ಮಲಗ್ಯಾನ. ಬೀಗರು ಮೊನ್ನೆ ಹ್ವಾದ್ರಲ್ಲ."

"ನಿದ್ದಿ ಮಾಡತಾನೇನು?"

"ಎಲ್ಲಿದು? ನಾಕಕ್ಕ ಎದ್ದು ಅಂಗಳದಾಗ ಕುಂದರತಾನ. ಇವತ್ತ ಟಾರ್ಚೂ ಚಾರ್ಜಿಗಿ ಹಚ್ಚ್ಯಾನ ನೋಡು, ಸುಮ್ಮ ಸುಮ್ಮನ."